ಗೋಡೆಯ ಹೂವಿಗೂ ನಾಚಿಕೆಗೂ ಏನು ನಂಟು?

ಓದುಗರ ಪ್ರಶ್ನೆ: ಸಮಾರಂಭಗಳಲ್ಲಿ ಯಾರೊಂದಿಗೂ ಬೆರೆಯದೆ ಮೂಲೆ ಹಿಡಿದು ಕೂರುವ ಸಂಕೋಚದವರನ್ನು ಇಂಗ್ಲಿಷಿನವರು ‘ವಾಲ್‌ಫ್ಲವರ್’ ಎನ್ನುತ್ತಾರೆ. ಅಂಥ ಹೂವು ನಿಜವಾಗಿ ಇದೆಯೇ? ಕನ್ನಡದಲ್ಲಿ ಅದನ್ನು ‘ಮುಟ್ಟಿದರೆ ಮುನಿ’ ಎನ್ನಬಹುದೇ?

ಹೂವು ಇದೆ, ಆದರೆ ನಾಚುವ ಗುಣ ಅದಕ್ಕಿಲ್ಲ. ಎರಿಸಿಮಮ್ ಕೈರಿ ಎಂಬ ಶಾಸ್ತ್ರೀಯ ಹೆಸರಿನ ಈ ಗಿಡ ಸಾಸಿವೆಯ ಕುಟುಂಬಕ್ಕೆ ಸೇರಿದ್ದು. ಸಾಸಿವೆ ಹೂವಿನಂತೆಯೇ ಇದಕ್ಕೂ ನಾಲ್ಕು ಎಸಳು. ಬಣ್ಣ ಹಳದಿ, ಕಿತ್ತಳೆ ಅಥವಾ ಕಂದುಗೆಂಪು. ದಕ್ಷಿಣ ಯೂರೋಪಿನಿಂದ ಬಂದ ಈ ಗಿಡವು ಇಂಗ್ಲೆಂಡಿನ ಹಳೆಯ ಕೋಟೆಗೋಡೆಗಳಲ್ಲಿ ಗಾರೆ ಉದುರಿದ ಸಂದುಗಳನ್ನು ಹಿಡಿದು, ನಮ್ಮಲ್ಲಿ ಅರಳಿಯ ಸಸಿ ಪಾಳು ಗುಡಿಯ ಗೋಡೆಯಲ್ಲಿ ಬೇರು ಬಿಡುವ ಹಾಗೆ, ತಾನಾಗಿಯೇ ಬೆಳೆಯುವುದರಿಂದ 16ನೆಯ ಶತಮಾನದಿಂದಲೂ ಅದಕ್ಕೆ ‘ಗೋಡೆಯ ಹೂ’ ಎಂಬ ಹೆಸರಿದೆ. ವಸಂತದಲ್ಲಿ ಅರಳಿದಾಗ ಅದು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮೂಗಿಗೆ ತಿಳಿಯುತ್ತದೆ. ಅಡಗಿ ಕೂರುವವರಿಗೆ ಇಂಥ ಹೂವಿನ ಹೆಸರೇ ಬೇಕಿತ್ತೆ ಎನಿಸುವುದು ಸಹಜ.

ಹೋಲಿಕೆ ಹುಟ್ಟಿದ್ದು ಗೋಡೆಯಿಂದ. 19ನೆಯ ಶತಮಾನದ ಇಂಗ್ಲೆಂಡಿನ ನೃತ್ಯಕೂಟಗಳಲ್ಲಿ ಗಂಡಸು ಬಂದು ಕೇಳಬೇಕು, ಹೆಣ್ಣು ಒಪ್ಪಬೇಕು; ಹೆಣ್ಣೇ ಹೋಗಿ ಕೇಳುವಂತಿರಲಿಲ್ಲ. ಯಾರೂ ಕರೆಯದವಳು ಗೋಡೆಯುದ್ದಕ್ಕೂ ಇಟ್ಟ ಕುರ್ಚಿಗಳಲ್ಲೊಂದರಲ್ಲಿ, ಹೊಸ ಉಡುಪಿನ ನೆರಿಗೆ ಸರಿಪಡಿಸಿಕೊಳ್ಳುತ್ತ, ಉಳಿದವರ ಕುಣಿತ ನೋಡುತ್ತ ಕೂತಿರಬೇಕಾಗಿತ್ತು. ವಿಂಥ್ರಾಪ್ ಮ್ಯಾಕ್‌ವರ್ತ್ ಪ್ರೇಡ್ ಎಂಬ ಕವಿ 1820ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ನೃತ್ಯಕೂಟವೊಂದನ್ನು ಕುರಿತ ಪದ್ಯದಲ್ಲಿ ಇಂಥ ಕನ್ಯೆಯರನ್ನು ಗೋಡೆಯ ಹೂಗಳೆಂದು ಕರೆದಿದ್ದಾನೆ. ಅಂದರೆ ಮೊದಲಿಗೆ ಆ ಮಾತು ಸೂಚಿಸುತ್ತಿದ್ದುದು ಅವಳು ಕೂತ ಜಾಗವನ್ನು. ಅವಳ ಸ್ವಭಾವ ನಾಚಿಕೆಯದೋ ಅಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಕರೆಯದೆ ಹೋದವರ ಸಂಗತಿ ಮರೆತು, ಕೂತವಳದೇ ಸಂಕೋಚ ಎಂಬ ಅರ್ಥ ಬಂದದ್ದು ಆಮೇಲೆ. ಗಂಡಸರಿಗೂ ಅದು ಅನ್ವಯಿಸಿದ್ದು ಹಾಗೆಯೇ. ಜರ್ಮನ್ನರಲ್ಲೂ ‘ಮೌವರ್‌ಬ್ಲ್ಯೂಮ್‌ಷೆನ್’, ಅಂದರೆ ಗೋಡೆಯ ಪುಟ್ಟ ಹೂ, ಎಂಬ ಮಾತಿದೆ. ಫ್ರೆಂಚರು ಇನ್ನೂ ನಿಷ್ಠುರರು: ಅವರ ನುಡಿಗಟ್ಟಿನಲ್ಲಿ ಅವಳು ಹೂವೂ ಅಲ್ಲ, ಗೋಡೆಗೆ ತೂಗುಹಾಕಿದ ಚಿತ್ರಗಂಬಳಿ.

‘ಮುಟ್ಟಿದರೆ ಮುನಿ’ ಇದಕ್ಕೆ ಹೊಂದುವುದಿಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಆ ಗಿಡಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ‘ಮಿಮೋಸಾ ಪುಡಿಕಾ’ ಎಂಬ ಹೆಸರಿನ ‘ಪುಡಿಕಾ’ ಎಂದರೆ ಲ್ಯಾಟಿನ್ನಿನಲ್ಲಿ ಲಜ್ಜೆಯುಳ್ಳದ್ದು. ‘ನಾಚಿಕೆ ಮುಳ್ಳು’ ಎಂಬ ನಮ್ಮ ಇನ್ನೊಂದು ಹೆಸರೂ ಅದನ್ನೇ ಹೇಳುತ್ತದೆ. ಆದರೆ ‘ಮುನಿ’ ಎಂಬುದು ಮುನಿಸಿನ ಮಾತು. ಹೀಗಾಗಿ ಕನ್ನಡದಲ್ಲಿ ಸಣ್ಣ ಮಾತಿಗೂ ಮುಖ ಊದಿಸಿಕೊಳ್ಳುವವರಿಗೆ ಆ ಹೆಸರು ಸಲ್ಲುತ್ತದೆ, ಸಂಕೋಚದವರಿಗಲ್ಲ.

ಇಂದಿನ ಬಳಕೆಗೆ ‘ಸಂಕೋಚದ ಮುದ್ದೆ’ ಹತ್ತಿರದ ಮಾತು. ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಅನುವಾದಿಸುವಾಗ ಮಾತ್ರ ‘ಯಾರೂ ಕರೆಯದೆ ಕೂತವಳು’ ಎಂದೇ ಬರೆಯುವುದು ಸರಿ.