ಮೆನುವಿನಲ್ಲಿ ಮಾಂಸದ ಯಾವ ಭಾಗವನ್ನು ಕೇಳಬೇಕು?

ಓದುಗರ ಪ್ರಶ್ನೆ: ಪ್ರವಾಸದಲ್ಲಿ ಹೊಸ ಊರಿನ ರೆಸ್ಟೋರೆಂಟಿಗೆ ಹೋದಾಗ ಮೆನುವಿನಲ್ಲಿ ಮಾಂಸದ ಏಳೆಂಟು ಭಾಗಗಳ ಹೆಸರುಗಳಿರುತ್ತವೆ. ಏನೂ ಗೊತ್ತಾಗದೆ ಅತಿ ಹೆಚ್ಚು ಬೆಲೆಯದನ್ನೇ ಕೇಳಿ, ಸಪ್ಪೆಯೆನಿಸಿ ಎದ್ದು ಬಂದದ್ದುಂಟು. ಪಕ್ಕದ ಮೇಜಿನವರು ಕಡಿಮೆ ಬೆಲೆಯದನ್ನು ತರಿಸಿಕೊಂಡು ಸಂತೋಷವಾಗಿ ತಿನ್ನುತ್ತಿದ್ದರು. ಯಾವ ಭಾಗವನ್ನು ಕೇಳಬೇಕೆಂದು ನಿರ್ಧರಿಸುವುದು ಹೇಗೆ?

ಉತ್ತರ: ನಿಮಗೆ ಆದದ್ದು ಬಹಳ ಜನರಿಗೆ ಆಗುತ್ತದೆ. ಅದಕ್ಕೆ ಅಡುಗೆಯವರ ತಪ್ಪಿಗಿಂತ ಬೆಲೆಯ ಬಗ್ಗೆ ನಾವಿಟ್ಟುಕೊಂಡಿರುವ ನಂಬಿಕೆಯೇ ಹೆಚ್ಚು ಕಾರಣ. ಒಂದು ಭಾಗ ಎಷ್ಟು ಮೆತ್ತಗಿದೆ, ಒಂದು ಪ್ರಾಣಿಯಲ್ಲಿ ಎಷ್ಟು ಕಡಿಮೆ ಸಿಗುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ. ರುಚಿಗೆ ಆ ಲೆಕ್ಕದಲ್ಲಿ ಹೆಚ್ಚು ಜಾಗವಿಲ್ಲ. ಆದ್ದರಿಂದ ಯಾವ ಭಾಗ ಶ್ರೇಷ್ಠವೆಂದು ತಲೆ ಕೆಡಿಸಿಕೊಳ್ಳುವ ಬದಲು, ಈ ಅಡುಗೆಮನೆಯಲ್ಲಿ ಎಂಥ ಬೆಂಕಿಯಿದೆ, ಮಾಂಸಕ್ಕೆ ಅವರು ಎಷ್ಟು ಹೊತ್ತು ಕೊಡುತ್ತಾರೆ ಎಂಬುದನ್ನು ಮೊದಲು ತಿಳಿದುಕೊಂಡು, ಅದಕ್ಕೆ ಒಗ್ಗುವ ಭಾಗವನ್ನು ಕೇಳುವುದು ಒಳ್ಳೆಯದು.

ಟೆಂಡರ್‌ಲಾಯಿನ್ ಅಥವಾ ಫಿಲೆ ಎಂದು ಕರೆಯುವ ಭಾಗವನ್ನೇ ತೆಗೆದುಕೊಳ್ಳಿ. ಅದು ಬೆನ್ನೆಲುಬಿನ ಒಳಮಗ್ಗುಲಲ್ಲಿ ಉದ್ದಕ್ಕೆ ಮಲಗಿರುವ ಸ್ನಾಯು. ಪ್ರಾಣಿ ನಿಂತರೂ ನಡೆದರೂ ಅದಕ್ಕೆ ಹೆಚ್ಚು ಕೆಲಸವಿಲ್ಲದ ಕಾರಣ ಅದರಲ್ಲಿ ಗಟ್ಟಿ ನಾರು ಬೆಳೆಯುವುದಿಲ್ಲ. ನೂರಾರು ಕಿಲೋ ತೂಗುವ ದನದಲ್ಲಿಯೂ ಅಂಥವು ಎರಡೇ ಇದ್ದು, ಒಂದೊಂದು ಎರಡು ಮೂರು ಕಿಲೋ ತೂಗಿದರೆ ಹೆಚ್ಚು. ಮೆತ್ತಗೆ ಇರುವುದು ನಿಜ, ಆದರೆ ಕೊಬ್ಬು ಕಡಿಮೆ, ದುಡಿಯುವ ಸ್ನಾಯುವಿನಲ್ಲಿ ಕೂಡಿಕೊಳ್ಳುವ ಗಾಢವಾದ ಸವಿಯೂ ಕಡಿಮೆ. ಫಿಲೆಯ ಜೊತೆಗೆ ಮೆಣಸಿನ ಸಾಸನ್ನೋ ಬೆಣ್ಣೆಯನ್ನೋ ಕೊಡುವುದು, ಅದರ ಸುತ್ತ ಹಂದಿಕೊಬ್ಬಿನ ಪಟ್ಟಿ ಕಟ್ಟುವುದು ಬರಿಯ ಅಲಂಕಾರಕ್ಕಲ್ಲ. ಹಲ್ಲಿಗೆ ಶ್ರಮ ಬೇಡವೆನ್ನುವವರಿಗೆ ಅದು ಸರಿ. ಮಾಂಸದ ರುಚಿಯನ್ನೇ ಹುಡುಕಿಕೊಂಡು ಹೋದವರಿಗೆ ಅದು ನಿರಾಸೆ ತರುವುದು ಸಹಜ.

ಇನ್ನೊಂದು ತುದಿಯಲ್ಲಿ ದುಡಿಯುವ ಭಾಗಗಳಿವೆ: ಕುತ್ತಿಗೆ, ಭುಜ, ಎದೆ, ಮೊಣಕಾಲಿನ ಕೆಳಗಿನ ಭಾಗ. ಇಲ್ಲಿ ಸ್ನಾಯುವಿನ ಎಳೆಗಳನ್ನು ಬಿಗಿದಿಟ್ಟಿರುವುದು ಕೊಲಾಜೆನ್ ಎಂಬ ಪ್ರೋಟೀನು. ಅವಸರದ ಬೆಂಕಿಗೆ ಹಾಕಿದರೆ ಅದು ಕುಗ್ಗಿ, ಮಾಂಸದ ನೀರನ್ನು ಹಿಂಡಿ ಹೊರಹಾಕಿ, ಚರ್ಮದಂತೆ ಬಿಗಿಯುತ್ತದೆ. ಅದೇ ಮಾಂಸವನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಕೊಲಾಜೆನ್ ನಿಧಾನವಾಗಿ ಜೆಲಟಿನ್ ಆಗಿ ಕರಗಿ, ತುಟಿಗೆ ಅಂಟುವಂಥ ಜಿಗುಟನ್ನೂ ಬಾಯಿತುಂಬುವ ರಸವನ್ನೂ ಕೊಡುತ್ತದೆ. ಮಿಲಾನಿನ ಒಸ್ಸೊ ಬುಕೊ ಎಳಗರುವಿನ ಕಾಲನ್ನು ಮೂಳೆಸಹಿತ ಅಡ್ಡಡ್ಡ ಕೊಯ್ದು ಬೇಯಿಸಿದ್ದು. ಆ ಹೆಸರಿನ ಅರ್ಥ ತೂತುಬಿದ್ದ ಮೂಳೆ ಎಂದು. ನಡುವಿನ ತೂತಿನಲ್ಲಿರುವ ಮಜ್ಜೆಯನ್ನು ಚಮಚದಿಂದ ತೆಗೆದು ತಿನ್ನದೆ ತಟ್ಟೆಯನ್ನು ಹಿಂದಕ್ಕೆ ಕಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಮೆರಿಕದ ಟೆಕ್ಸಸ್‌ನ ಬ್ರಿಸ್ಕೆಟ್, ಅಂದರೆ ದನದ ಎದೆಯ ಮಾಂಸ, ಈ ಮಾತಿಗೆ ಅತ್ಯುತ್ತಮ ಉದಾಹರಣೆ. ದನಕ್ಕೆ ಕಾಲರ್ ಬೋನ್ ಇಲ್ಲವಾದ್ದರಿಂದ ಮುಂಭಾಗದ ಭಾರವನ್ನು ಎದೆಯ ಸ್ನಾಯುಗಳೇ ಹೊರಬೇಕು. ಅಷ್ಟು ದುಡಿದ ಆ ಭಾಗವನ್ನು ಅಲ್ಲಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಇಡುತ್ತಾರೆ. ಒಳಗಿನ ಬಿಸಿ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಬಂದು, ಗಂಟೆಗಟ್ಟಲೆ ಮೇಲೇರದೆ ನಿಂತುಬಿಡುತ್ತದೆ. ಮೇಲ್ಮೈಯಿಂದ ಆವಿಯಾಗುವ ನೀರು, ಬೆವರು ಮೈಯನ್ನು ತಂಪು ಮಾಡುವಂತೆ, ಮಾಂಸವನ್ನು ತಂಪು ಮಾಡುತ್ತಿರುವುದೇ ಇದಕ್ಕೆ ಕಾರಣ. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಬೆಂಕಿ ಹೆಚ್ಚಿಸುವವನ ಬ್ರಿಸ್ಕೆಟ್ ಒಣಗುವ ಸಂಭವವೇ ಹೆಚ್ಚು. ಅಲ್ಲಿ ತೂಕದ ಲೆಕ್ಕದಲ್ಲಿ ಕೊಯ್ದು ಕಾಗದದ ಮೇಲೆ ಹಾಕಿ ಕೊಡುವುದು ರೂಢಿ. ಬ್ರಿಸ್ಕೆಟ್ಟಿನಲ್ಲಿ ಎರಡು ಸ್ನಾಯುಗಳು ಒಂದರ ಮೇಲೊಂದು ಇರುತ್ತವೆ. ಕೊಬ್ಬು ಕಡಿಮೆಯಿರುವ ಚಪ್ಪಟೆ ಭಾಗ ಬೇಕೋ ಕೊಬ್ಬು ತುಂಬಿದ ತುದಿಭಾಗ ಬೇಕೋ ಎಂದು ಕೊಯ್ಯುವವರು ಕೇಳಿದರೆ, ಹಿಂದುಮುಂದು ನೋಡದೆ ಕೊಬ್ಬಿನದನ್ನೇ ಕೇಳಿ. ಕ್ಯಾಲೊರಿಯ ಲೆಕ್ಕ ಊರಿಗೆ ಮರಳಿದ ಮೇಲೆ ಇದ್ದೇ ಇರುತ್ತದೆ.

ಬೆಂಕಿ ಜೋರಾಗಿದ್ದು ಹೊತ್ತು ಕಡಿಮೆಯಿರುವ ಕಡೆ ಲೆಕ್ಕ ಬದಲಾಗುತ್ತದೆ. ಫ್ಲಾರೆನ್ಸಿನ ಬಿಸ್ತೆಕ್ಕಾ ಅಲ್ಲಾ ಫಿಯೊರೆಂತೀನಾ ಇದರ ಮಾದರಿ: ಇಂಗ್ಲಿಷಿನ ಟಿ ಅಕ್ಷರದ ಆಕಾರದ ಮೂಳೆ, ಅದರ ಒಂದು ಬದಿಗೆ ಫಿಲೆ, ಇನ್ನೊಂದು ಬದಿಗೆ ಸ್ಟ್ರಿಪ್ ಎನ್ನುವ ಬೆನ್ನಿನ ಮಾಂಸ. ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು, ಕೆಂಡದ ಮೇಲೆ ಎರಡೂ ಮಗ್ಗುಲು ಕೆಲವೇ ನಿಮಿಷ ಸುಟ್ಟು, ಕೊನೆಗೆ ಮೂಳೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಹೊರಗೆ ಕಪ್ಪಗೆ ಸುಟ್ಟ ಪದರ, ಒಳಗೆ ಕೆಂಪು. ಇವೆರಡೂ ಒಟ್ಟಿಗೆ ಬರಬೇಕಾದರೆ ಆ ದಪ್ಪ ಇರಲೇಬೇಕು. ತೆಳುವಾದ ತುಂಡಿನಲ್ಲಿ ಮೇಲ್ಮೈ ಕಂದುಬಣ್ಣಕ್ಕೆ ತಿರುಗುವಷ್ಟರಲ್ಲಿ ಒಳಗೂ ಬೆಂದು ಹೋಗಿರುತ್ತದೆ. ಅದನ್ನು ತೂಕದ ಮೇಲೆ ಮಾರುವುದರಿಂದ, ಒಬ್ಬರೇ ಹೋದರೆ ಕಷ್ಟ. ಒಂದು ಕಿಲೋಗಿಂತ ಕಡಿಮೆಯದನ್ನು ಹಲವು ಕಡೆ ಕೊಯ್ಯುವುದೇ ಇಲ್ಲ. ಹುಚ್ಚು ದನದ ರೋಗದ ಭೀತಿಯಿಂದ ಐರೋಪ್ಯ ಒಕ್ಕೂಟವು 2001ರಲ್ಲಿ ಬೆನ್ನೆಲುಬಿನ ಸಮೇತ ದನದ ಮಾಂಸ ಮಾರುವುದನ್ನು ನಿಷೇಧಿಸಿ, 2006ರ ಆರಂಭದಲ್ಲಿ ಆ ನಿಷೇಧವನ್ನು ಸಡಿಲಿಸಿತು. ನಡುವಿನ ಆ ವರ್ಷಗಳಲ್ಲಿ ಈ ಖಾದ್ಯ ತನ್ನ ಊರಿನಲ್ಲಿಯೇ ಮೂಳೆಯಿಲ್ಲದೆ ಬದುಕಬೇಕಾಯಿತು.

ಕೆಂಡದ ಮೇಲೆ ಬೇಗ ಬೇಯುವ, ಅಷ್ಟೇನೂ ದುಬಾರಿಯಲ್ಲದ, ಆದರೆ ರುಚಿಯಲ್ಲಿ ಫಿಲೆಯನ್ನು ಹಿಂದೆ ಹಾಕುವ ಭಾಗಗಳೂ ಇವೆ, ಮತ್ತು ನನ್ನ ಮತ ಹೋಗುವುದು ಅವುಗಳಿಗೇ. ಅರ್ಜೆಂಟೀನಾದಲ್ಲಿ ಎಂತ್ರಾನ್ಯಾ ಎನ್ನುವುದು ಎದೆಗೂ ಹೊಟ್ಟೆಗೂ ನಡುವಿನ ವಪೆಯ ತೆಳ್ಳನೆಯ ಸ್ನಾಯು. ಫ್ರಾನ್ಸಿನ ಓಂಗ್ಲೆ ಅದರ ಪಕ್ಕದಲ್ಲಿಯೇ ನೇತಾಡುವ ಭಾಗ. ಒಂದು ಪ್ರಾಣಿಯಲ್ಲಿ ಒಂದೇ ಇರುವುದರಿಂದ ಕಟುಕರು ಅದನ್ನು ಮಾರಾಟಕ್ಕಿಡದೆ ತಮಗೇ ಇಟ್ಟುಕೊಳ್ಳುತ್ತಿದ್ದರೆಂಬ ಮಾತಿದೆ. ಎರಡರಲ್ಲಿಯೂ ಎಳೆಗಳು ಒರಟಾಗಿ, ಎದ್ದು ಕಾಣುವಂತಿರುತ್ತವೆ. ಆ ಎಳೆಗಳಿಗೆ ಅಡ್ಡವಾಗಿ ಕೊಯ್ದು ತಿಂದರೆ ಮಾಂಸ ಮೆತ್ತಗೆ, ಉದ್ದುದ್ದ ಕೊಯ್ದರೆ ಅಗಿದಷ್ಟೂ ಮುಗಿಯದ ನಾರು. ಬ್ರೆಜಿಲ್‌ನ ಪಿಕಾನ್ಯಾ, ಸೊಂಟದ ಮೇಲುಭಾಗದಲ್ಲಿ ಟೊಪ್ಪಿಗೆಯಂತೆ ಕೊಬ್ಬು ಹೊದ್ದಿರುವ ತ್ರಿಕೋನಾಕಾರದ ತುಂಡು, ಬಾಗಿಸಿ ಸರಳಿಗೆ ಚುಚ್ಚಿ ಕಲ್ಲುಪ್ಪು ಸವರಿ ಸುಟ್ಟಾಗ ಆ ಕೊಬ್ಬು ಕರಗಿ ಮಾಂಸಕ್ಕೆ ಇಳಿಯುತ್ತಾ ಹೋಗುತ್ತದೆ.

ಹೆಸರುಗಳ ವಿಚಾರದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು, ಏಕೆಂದರೆ ಒಂದೇ ಪ್ರಾಣಿಯನ್ನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಕೊಯ್ಯುತ್ತಾರೆ. ಬ್ರಿಟನ್ನಿನಲ್ಲಿ ಸರ್ಲಾಯಿನ್ ಎಂದು ಕೇಳಿದರೆ ಬರುವುದು ಅಮೆರಿಕದವರು ಸ್ಟ್ರಿಪ್ ಎನ್ನುವ ಭಾಗ. ಅಮೆರಿಕದ ಸರ್ಲಾಯಿನ್ ಬ್ರಿಟನ್ನಿನಲ್ಲಿ ರಂಪ್ ಆಗುತ್ತದೆ. ಬ್ರೆಜಿಲ್ ಬಿಡಿಯಾಗಿ ತೆಗೆದು ಪೂಜಿಸುವ ಪಿಕಾನ್ಯಾವನ್ನು ಬೇರೆ ಪದ್ಧತಿಯಲ್ಲಿ ಕೊಯ್ಯುವವರು ಅಕ್ಕಪಕ್ಕದ ತುಂಡುಗಳಿಗೆ ಹಂಚಿಬಿಡುತ್ತಾರೆ. ಅರ್ಜೆಂಟೀನಾದ ಆಸಾದೊ ದೆ ತೀರಾ ಪಕ್ಕೆಲುಬುಗಳನ್ನು ಅಡ್ಡಕ್ಕೆ ಗರಗಸದಿಂದ ಕೊಯ್ದ ಪಟ್ಟಿ. ಅದೇ ಪಕ್ಕೆಲುಬನ್ನು ಉದ್ದಕ್ಕೆ ಬಿಡಿಸಿದರೆ ಅಡುಗೆಯ ವಿಧಾನವೇ ಬೇರೆಯಾಗುತ್ತದೆ. ಸ್ಪೇನಿನಲ್ಲಿ ಐಬೀರಿಯನ್ ಹಂದಿಯ ಭುಜದ ಬಳಿ ಕೊಬ್ಬಿನ ಮರೆಯಲ್ಲಿರುವ ಒಂದು ತೆಳ್ಳನೆಯ ಸ್ನಾಯುವಿಗೆ ಸೆಕ್ರೆತೊ, ಅಂದರೆ ಗುಟ್ಟು, ಎಂದೇ ಹೆಸರು. ಫೋನಿನ ಅನುವಾದವನ್ನು ನಂಬುವುದಕ್ಕಿಂತ, ಪರಿಚಾರಕರಿಗೆ ನಿಮ್ಮ ಮೈಯನ್ನೇ ತೋರಿಸಿ ಇದು ಪ್ರಾಣಿಯ ಎಲ್ಲಿಯದು ಎಂದು ಕೇಳುವುದು ಮೇಲು; ನಾಚಿಕೆಯಾಗಬಹುದು, ಆದರೆ ಉತ್ತರ ತಪ್ಪುವುದಿಲ್ಲ.

ಹೆಸರುವಾಸಿಯಾದ ಕೋಬೆಯ ದನದ ಮಾಂಸದ ಬಗ್ಗೆ ಒಂದೇ ಮಾತು. ಜಪಾನಿನ ಹ್ಯೋಗೊ ಪ್ರಾಂತದ ತಾಜಿಮಾ ತಳಿಯ, ಮಾಂಸದೊಳಗೆ ಹರಡಿದ ಕೊಬ್ಬಿನ ಎಳೆಗಳಿಗೆ ಹನ್ನೆರಡರವರೆಗೆ ಅಂಕ ಕೊಡುವ ಅಳತೆಯಲ್ಲಿ ಕನಿಷ್ಠ 6 ಬಂದ ಮಾಂಸಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನೂರು ನೂರೈವತ್ತು ಗ್ರಾಮ್ ಸಾಕು, ಅದಕ್ಕಿಂತ ಹೆಚ್ಚಾದರೆ ನಾಲಿಗೆ ಕೊಬ್ಬಿಗೆ ಸೋತುಹೋಗುತ್ತದೆ.

ಆರಿಸಿದ ಮೇಲೆ ಎಷ್ಟು ಬೇಯಬೇಕೆಂಬ ಪ್ರಶ್ನೆ ಬರುತ್ತದೆ. ಫ್ರಾನ್ಸಿನಲ್ಲಿ ಆ ಪ್ವಾಂ ಎಂದರೆ ಹದವಾಗಿ ಬೆಂದದ್ದು ಎಂದರ್ಥವಾದರೂ ಒಳಗೆ ನೀವು ಎಣಿಸಿದ್ದಕ್ಕಿಂತ ಕೆಂಪಗಿರುತ್ತದೆ; ಅರ್ಜೆಂಟೀನಾದಲ್ಲಿ ಅದೇ ಅರ್ಥದ ಆ ಪುಂತೊ ಸಾಮಾನ್ಯವಾಗಿ ಎಣಿಸಿದ್ದಕ್ಕಿಂತ ಹೆಚ್ಚು ಬೆಂದಿರುತ್ತದೆ, ಆದ್ದರಿಂದ ಅಲ್ಲಿ ಕೆಂಪು ಬೇಕಾದವರು ಹುಗೋಸೊ, ರಸಭರಿತ, ಎಂದು ಕೇಳಬೇಕು. ತಟ್ಟೆಯಲ್ಲಿ ಹರಿಯುವ ಕೆಂಪು ನೀರು ರಕ್ತವೆಂದು ಹೇಸುವ ಅಗತ್ಯವಿಲ್ಲ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ನೀರಿನೊಡನೆ ಬೆರೆತಾಗ ಆ ಬಣ್ಣ ಬರುತ್ತದೆ. ಇಡೀ ತುಂಡಿನಲ್ಲಿ ರೋಗಾಣುಗಳು ಬಹುಮಟ್ಟಿಗೆ ಮೇಲ್ಮೈಯಲ್ಲಿಯೇ ಇದ್ದು ಬೆಂಕಿಗೆ ಸಾಯುತ್ತವೆ, ಆದರೆ ಖೈಮಾ ಮಾಡುವಾಗ ಆ ಮೇಲ್ಮೈಯೇ ಒಳಗೆಲ್ಲ ಬೆರೆಯುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿರಾಮ, ಖೈಮಾಕ್ಕೆ 71, ಕೋಳಿಗೆ 74 ಎಂದು ಬೇರೆಬೇರೆ ಮಿತಿ ಹಾಕಿರುವುದು ಇಂಥ ಕಾರಣಗಳಿಗಾಗಿ. ಅರೆಬೆಂದ ಸ್ಟೇಕ್ ತಿನ್ನುವ ಧೈರ್ಯವನ್ನು ಅರೆಬೆಂದ ಬರ್ಗರಿನ ಮೇಲೆ ತೋರಿಸಬೇಡಿ.

ಕೆಲವು ಕಡೆ ಆರಿಸುವ ಕಷ್ಟವೇ ಇಲ್ಲ. ಸ್ಪೇನಿನ ಕಾಸ್ತೀಯಾ ಪ್ರದೇಶದಲ್ಲಿ ತಾಯಿಯ ಹಾಲನ್ನಷ್ಟೇ ಕುಡಿದ ಕುರಿಮರಿಯನ್ನು ಮಣ್ಣಿನ ತಟ್ಟೆಯಲ್ಲಿಟ್ಟು, ನೀರು ಮತ್ತು ಉಪ್ಪು ಬಿಟ್ಟರೆ ಹೆಚ್ಚೇನೂ ಹಾಕದೆ, ಕಟ್ಟಿಗೆಯ ಒಲೆಯಲ್ಲಿ ಸುಟ್ಟು ಕಾಲು ಭಾಗ, ಅರ್ಧ ಭಾಗವೆಂದು ಮಾರುತ್ತಾರೆ. ಭುಜವೂ ಪಕ್ಕೆಯೂ ಒಂದೇ ತಟ್ಟೆಗೆ ಬರುತ್ತವೆ. ಅಷ್ಟು ಎಳೆಯ ಪ್ರಾಣಿಯಲ್ಲಿ ದುಡಿದ ಸ್ನಾಯು, ದುಡಿಯದ ಸ್ನಾಯು ಎಂಬ ಭೇದ ಇನ್ನೂ ಬಲಿತಿರುವುದಿಲ್ಲ.

ಇಡೀ ಕೋಳಿಯನ್ನು ಸುಟ್ಟು ತರುವ ಜಾಗಗಳಲ್ಲಿ ಬಹಳ ಜನ ಎದೆಯ ಮಾಂಸವನ್ನು ಮೊದಲು ಕೊಯ್ದುಕೊಂಡು, ತೊಡೆಯನ್ನು ಆಮೇಲೆ ಮುಗಿಸಿ, ಎಲುಬುಗೂಡನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಬೆನ್ನಿನ ಕೆಳಗೆ, ತೊಡೆ ಕೂಡುವ ಕಡೆ, ಎರಡೂ ಬದಿಯ ಎಲುಬಿನ ಕುಳಿಯಲ್ಲಿ ಹೆಬ್ಬೆರಳಿನ ತುದಿಯಷ್ಟು ದುಂಡನೆಯ ಮಾಂಸ ಕೂತಿರುತ್ತದೆ. ತೊಡೆಯ ರುಚಿ, ಎದೆಗಿಂತ ಮೆತ್ತನೆ. ಫ್ರೆಂಚರು ಅದಕ್ಕಿಟ್ಟ ಹೆಸರು ಸೊ ಲಿ ಲೆಸ್, ದಡ್ಡ ಅದನ್ನು ಅಲ್ಲಿಯೇ ಬಿಡುತ್ತಾನೆ ಎಂದು. ಕೋಳಿಯ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಸುಡುವ ಜಪಾನಿನ ಯಾಕಿತೊರಿ ಅಂಗಡಿಗಳು ಅದೇ ಹೆಸರನ್ನು ಸೊರಿರೆಸು ಎಂದು ತಮ್ಮ ನಾಲಿಗೆಗೆ ಹೊಂದಿಸಿಕೊಂಡಿವೆ, ಮತ್ತು ಒಂದು ಕೋಳಿಯಲ್ಲಿ ಎರಡೇ ಸಿಗುವುದರಿಂದ ಒಂದು ಕಡ್ಡಿಗೆ ಚುಚ್ಚಲು ಎರಡು ಕೋಳಿಯಾದರೂ ಬೇಕಾಗುತ್ತದೆ. ಪಕ್ಕದ ಮೇಜಿನವರಿಗೆ ಈ ಸಂಗತಿ ಗೊತ್ತಿರುವ ಸಾಧ್ಯತೆಯೂ ಇದೆ. ಪರಿಚಾರಕರು ತಟ್ಟೆ ಎತ್ತಲು ಬರುವ ಮೊದಲು ನಿಮ್ಮ ಕೋಳಿಯನ್ನು ಒಮ್ಮೆ ಮಗುಚಿ ನೋಡಿ.