ಟ್ರ್ಯಾಕ್‌ಗೆ ಹೋಗಲೇ, ಮಣ್ಣಿಗೆ ಇಳಿಯಲೇ?

ಓದುಗರ ಪ್ರಶ್ನೆ: ನಾನು ತುಮಕೂರಿನವನು. ಬಹಳ ವರ್ಷಗಳಿಂದ ಬೈಕ್ ಓಡಿಸುತ್ತಿದ್ದೇನೆ. ಈಗ 350 ಸಿಸಿ ಬೈಕ್ ಇದೆ. ದಿನವೂ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುತ್ತೇನೆ; ಭಾನುವಾರ ಗೆಳೆಯರೊಂದಿಗೆ ದೇವರಾಯನದುರ್ಗ, ನಂದಿಬೆಟ್ಟ ಎಂದು ಸುತ್ತುವುದೂ ಉಂಟು. ಬೈಕ್ ಸವಾರಿಯ ಮುಂದಿನ ಹಂತದ ತರಬೇತಿ ಪಡೆಯಬೇಕೆಂದಿದ್ದೇನೆ. ಒಬ್ಬರು ಚೆನ್ನೈ ಬಳಿಯ ರೇಸ್ ಟ್ರ್ಯಾಕ್‌ಗೆ ಹೋಗು ಎನ್ನುತ್ತಾರೆ, ಇನ್ನೊಬ್ಬರು ಕೋಲಾರದಲ್ಲಿ ಮಣ್ಣಿನ ಟ್ರ್ಯಾಕ್ ಇದೆ ಎನ್ನುತ್ತಾರೆ, ಮತ್ತೊಬ್ಬರು ಮೈದಾನದಲ್ಲಿ ಒಂದು ದಿನ ಕಲಿಸುವವರಿದ್ದಾರೆ, ಅಷ್ಟು ಸಾಕು ಎನ್ನುತ್ತಾರೆ. ಯಾವುದಕ್ಕೆ ಸೇರಲಿ?

ಉತ್ತರ: ಮೊದಲು ಮೈದಾನ, ಆಮೇಲೆ ಮಣ್ಣು, ದುಡ್ಡೂ ಹುಚ್ಚೂ ಇನ್ನೂ ಉಳಿದಿದ್ದರೆ ಟ್ರ್ಯಾಕ್. ಅವಸರದಲ್ಲಿರುವವರು ಇಷ್ಟು ಓದಿ ನಿಲ್ಲಿಸಬಹುದು. ಆದರೆ ಮೈದಾನದ ಹೆಸರಿನಲ್ಲಿ ಏನೇನನ್ನೋ ಮಾರುವವರಿದ್ದಾರೆ. ಯಾವ ಶಾಲೆಯನ್ನೇ ವಿಚಾರಿಸಿದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಬ್ರೇಕ್ ಹಿಡಿಯುವುದನ್ನು ನನ್ನಿಂದ ಎಷ್ಟು ಸಲ ಮಾಡಿಸುತ್ತೀರಿ?

ನಮ್ಮ ಕಡೆ ಬೈಕ್ ಕಲಿಯುವುದು ಅಣ್ಣನಿಂದ, ಸೋದರಮಾವನಿಂದ, ಇಲ್ಲವೇ ಪಕ್ಕದ ಮನೆಯ ಹುಡುಗನಿಂದ. ಅವರು ಕ್ಲಚ್ ಬಿಡುವುದನ್ನು ಕಲಿಸುತ್ತಾರೆ, ಗೇರ್ ಬದಲಿಸುವುದನ್ನು ಕಲಿಸುತ್ತಾರೆ, ಕೊನೆಯಲ್ಲಿ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: “ಮುಂದಿನ ಬ್ರೇಕ್ ಮುಟ್ಟಬೇಡ, ಮುಗ್ಗರಿಸಿ ಬೀಳುತ್ತೀಯ.” ಊರೆಲ್ಲ ಮಣ್ಣುರಸ್ತೆಯಾಗಿದ್ದ ಕಾಲದಲ್ಲಿ ಆ ಮಾತಿಗೆ ಸ್ವಲ್ಪ ಅರ್ಥವಿತ್ತು. ಹೆದ್ದಾರಿಯಲ್ಲಿ ಅದೇ ಮಾತು ಪ್ರಾಣಕ್ಕೆ ಎರವಾಗುತ್ತದೆ. ಬಿಗಿಯಾಗಿ ಬ್ರೇಕ್ ಹಿಡಿದಾಗ ಬೈಕಿನ ಭಾರ, ಸವಾರನ ಭಾರ ಎರಡೂ ಮುಂದಿನ ಚಕ್ರದ ಕಡೆಗೆ ವಾಲುತ್ತವೆ. ಹಿಂದಿನ ಚಕ್ರ ಹಗುರಾಗಿ ನೆಲದ ಹಿಡಿತ ಬಿಡುತ್ತದೆ. ಒಣಗಿದ ಡಾಂಬರಿನ ಮೇಲೆ ಬೈಕನ್ನು ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು, ಸುಮಾರು ಮುಕ್ಕಾಲು ಭಾಗ, ಮುಂದಿನ ಬ್ರೇಕಿನದೇ.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡೂ ಬ್ರೇಕ್‌ಗಳನ್ನು ಸರಿಯಾಗಿ ಬಳಸಿದವನು ಸುಮಾರು 20 ಮೀಟರ್‌ನಲ್ಲಿ ನಿಲ್ಲುತ್ತಾನೆ. ಹಿಂದಿನದನ್ನು ಮಾತ್ರ ತುಳಿಯುವವನಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ ಬೇಕು. ವೇಗ 80ಕ್ಕೆ ಏರಿದರೆ ಆ 20 ಮೀಟರ್ 36 ಆಗುತ್ತದೆ. ಇದೆಲ್ಲ ಬ್ರೇಕ್ ಹತ್ತಿದ ಮೇಲಿನ ಮಾತು. ಕಣ್ಣು ಕಂಡದ್ದು ಕೈಗೆ ತಲುಪುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೂ 60ರ ವೇಗದಲ್ಲಿ 17 ಮೀಟರ್, 80ರಲ್ಲಿ 22 ಮೀಟರ್ ಆಗಲೇ ದಾಟಿರುತ್ತದೆ. ಸರ್ವಿಸ್ ರಸ್ತೆಯಿಂದ ಎದುರುದಿಕ್ಕಿನಲ್ಲಿ ನುಗ್ಗುವ ಮೊಪೆಡ್ ಅಷ್ಟು ಜಾಗ ಕೊಡುವುದಿಲ್ಲ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ತನಿಖೆ ನಡೆಸಿತ್ತು. ಅದರ ವರದಿ ಬಂದದ್ದು 1981ರಲ್ಲಿ. ಹಳೆಯದಾದರೂ ಈ ಕ್ಷೇತ್ರದವರು ಇಂದಿಗೂ ಅದನ್ನು ತೆಗೆದು ನೋಡುತ್ತಾರೆ. ಅಪಘಾತಕ್ಕೆ ಸಿಕ್ಕವರಲ್ಲಿ ಶೇ. 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಕಂಡ ಕ್ಷಣದಿಂದ ಡಿಕ್ಕಿಯವರೆಗೆ ಅವರಿಗೆ ಸಾಮಾನ್ಯವಾಗಿ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಆ ಅವಧಿಯಲ್ಲಿ ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರುವುದು, ಮುಂದಿನದನ್ನು ಸಾಕಷ್ಟು ಹಿಡಿಯದಿರುವುದು ಪದೇಪದೇ ಕಂಡ ತಪ್ಪು. ಈ ವಿಷಯದಲ್ಲಿ ಲಾಸ್ ಏಂಜಲೀಸಿಗೂ ತುಮಕೂರಿನ ಕ್ಯಾತ್ಸಂದ್ರಕ್ಕೂ ದೊಡ್ಡ ವ್ಯತ್ಯಾಸವಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು.

ಹಾಗಾಗಿ ಮೊದಲ ದಿನ ಮೈದಾನದಲ್ಲೇ ಕಳೆಯಬೇಕು, ಅದೂ ನೀವು ದಿನವೂ ಓಡಿಸುವ ಬೈಕಿನ ಮೇಲೆ. ಒಳ್ಳೆಯ ತರಬೇತಿ ನೋಡುವವರಿಗೆ ಬೇಸರ ತರಿಸುವಂತಿರುತ್ತದೆ. ನೇರಕ್ಕೆ ಒಂದು ದಾರಿ, ಎರಡು ಕಿತ್ತಳೆ ಬಣ್ಣದ ಕೋನ್. 30ರ ವೇಗದಲ್ಲಿ ಬಂದು ಕೋನ್ ದಾಟುತ್ತಲೇ ನಿಲ್ಲಿಸಬೇಕು. ಆಮೇಲೆ 40, ಆಮೇಲೆ 50. ಮುಂದಿನ ಲಿವರನ್ನು ಒಮ್ಮೆಗೇ ಎಳೆದರೆ ಚಕ್ರ ಬಿಗಿದು ಜಾರುತ್ತದೆ; ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಹಿಡಿತ, ಆಮೇಲೆ ಒತ್ತಡ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ತಗ್ಗಿ ಟೈರು ನೆಲಕ್ಕೆ ಒತ್ತಿಕೊಂಡ ಮೇಲೆ ಮೊದಲಿಗಿಂತ ಹೆಚ್ಚು ಬಲವಾಗಿ ಹಿಂಡಿದರೂ ಅದು ತಾಳುತ್ತದೆ ಎಂಬುದು ಬಹುತೇಕ ಸವಾರರಿಗೆ ಆ ದಿನವೇ ಮೊದಲ ಬಾರಿಗೆ ತಿಳಿಯುತ್ತದೆ. ತರಬೇತುದಾರ ಪ್ರತಿ ಸಲವೂ ಹತ್ತಿರ ಬಂದು ಒಂದೇ ಮಾತು ಹೇಳುತ್ತಾನೆ: ಕಣ್ಣು ನೆಲದ ಮೇಲಿತ್ತು, ಮುಂದೆ ನೋಡಿ. ಇಲ್ಲವೇ: ತೋಳು ಬಿಗಿಯಾಗಿತ್ತು, ಮಂಡಿಯಿಂದ ಟ್ಯಾಂಕ್ ಅಪ್ಪಿಕೊಳ್ಳಿ. ಒಂದೇ ಉಸಿರಿನಲ್ಲಿ ಹತ್ತು ತಪ್ಪು ಹೇಳುವವನು ಕಲಿಸುತ್ತಿಲ್ಲ, ತನ್ನ ಜಾಣತನ ತೋರಿಸುತ್ತಿದ್ದಾನೆ.

ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ, ಇರುವ ಬೈಕಿನವರು ನನಗೆ ಇದೆಲ್ಲ ಬೇಕಿಲ್ಲ ಎಂದುಕೊಳ್ಳುತ್ತಾರೆ. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ, ನಿಜ. ಅದು ಕೆಲಸ ಮಾಡಲು ಶುರುಮಾಡಿದಾಗ ಲಿವರ್ ಬೆರಳಿನಡಿ ತಟತಟ ಮಿಡಿಯುತ್ತದೆ, ಕೆಳಗಿನಿಂದ ಕಟಕಟ ಸದ್ದು ಬರುತ್ತದೆ. ಮೊದಲ ಬಾರಿ ಅನುಭವಿಸಿದವನು ಏನೋ ಮುರಿಯಿತೆಂದು ಗಾಬರಿಯಾಗಿ ಬ್ರೇಕ್ ಬಿಟ್ಟುಬಿಡುತ್ತಾನೆ. ಹಿಡಿದೇ ಇರಬೇಕಾದ ಕ್ಷಣ ಅದೇ. ಆ ಮಿಡಿತವನ್ನು ಲಾರಿಯ ಹಿಂಬದಿಯಲ್ಲಿ ಮೊದಲ ಸಲ ಭೇಟಿಯಾಗುವುದಕ್ಕಿಂತ ಮೈದಾನದಲ್ಲಿ ಭೇಟಿಯಾಗುವುದು ಮೇಲು. ಅದರ ಜೊತೆಗೆ ಹ್ಯಾಂಡಲ್ ಒತ್ತಿ ತಪ್ಪಿಸಿಕೊಳ್ಳುವುದನ್ನೂ ಕಲಿಸಬೇಕು. ವೇಗದಲ್ಲಿರುವಾಗ ಎಡಕ್ಕೆ ಹೋಗಲು ಎಡಗಡೆಯ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಕೇಳಿದರೆ ಯಾರೂ ನಂಬುವುದಿಲ್ಲ, ಮಾಡಿದರೆ ಬೈಕ್ ತಕ್ಷಣ ವಾಲುತ್ತದೆ. ಸಾಧ್ಯವಾದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದಷ್ಟು ಹೊತ್ತು ಅಭ್ಯಾಸ ಮಾಡಲು ಬಿಡುತ್ತಾರೆಯೇ ಎಂದು ಕೇಳಿ. ನಮ್ಮ ಬೈಕುಗಳು ಒಬ್ಬರನ್ನೇ ಹೊತ್ತು ಓಡುವುದು ಅಪರೂಪ.

ಇನ್ನು ಮಣ್ಣು. ನಂದಿಬೆಟ್ಟದ ತಿರುವಿನಲ್ಲಿ ಮಂಡಿ ನೆಲಕ್ಕೆ ತಾಗಿಸುವ ಆಸೆಯವನು ಮಣ್ಣಿನಲ್ಲಿ ಏಕೆ ಹೊರಳಾಡಬೇಕು ಎಂದು ನಿಮಗೆ ಅನ್ನಿಸಬಹುದು. ಡಿಸೆಂಬರ್, ಜನವರಿಯಲ್ಲಿ ಮಧುಗಿರಿ, ಗೌರಿಬಿದನೂರು, ಶ್ರೀನಿವಾಸಪುರದ ಕಡೆ ಹೋಗಿ ನೋಡಿ. ಟಾರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಹರಡಿರುತ್ತದೆ, ವಾಹನ ಹರಿದು ಒಕ್ಕಣೆಯಾಗಲಿ ಎಂದು. ಕಾರಿನವನಿಗೆ ಅದು ಸರಸರ ಸದ್ದು. ಬೈಕಿನವನಿಗೆ ಹುಲ್ಲಿನ ಕೆಳಗೆ ಉರುಳುವ ಕಾಳು. ರೈತನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಬೇರೆ ಕಣವೂ ಇಲ್ಲ, ಆಳೂ ಸಿಗುವುದಿಲ್ಲ. ಚಿಕ್ಕಬಳ್ಳಾಪುರದ ಕ್ರಷರ್‌ಗಳ ಬಳಿ ಟಿಪ್ಪರ್‌ನಿಂದ ಉದುರಿದ ಜಲ್ಲಿಪುಡಿ ತಿರುವಿನಲ್ಲೇ ಬಂದು ಕೂರುತ್ತದೆ. ಮಳೆಗಾಲದಲ್ಲಿ ಟೊಮೆಟೊ ತೋಟದಿಂದ ಹೊರಬಂದ ಟ್ರ್ಯಾಕ್ಟರ್ ಅರ್ಧ ಫರ್ಲಾಂಗು ದೂರ ಕೆಸರು ಬಳಿದಿರುತ್ತದೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಟೈರಿನ ಹಿಡಿತ ತಪ್ಪುವುದು ವಾರಕ್ಕೊಮ್ಮೆ ಆಗುವ ಸಂಗತಿ. ಹಿಡಿತ ತಪ್ಪಿದ ಬೈಕಿನ ಮೇಲೆ ಗಾಬರಿಯಾಗದೆ ಕೂರುವುದನ್ನು ಮಣ್ಣಿನಷ್ಟು ಅಗ್ಗವಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಮಣ್ಣಿನ ಟ್ರ್ಯಾಕ್‌ನಲ್ಲಿ ಹಿಂದಿನ ಚಕ್ರ ಗಂಟೆಗೆ 20 ಕಿ.ಮೀ. ವೇಗದಲ್ಲೇ ಜಾರುತ್ತದೆ. ಬಿದ್ದರೂ ಸೊಂಟಕ್ಕೆ ಧೂಳು, ಮೊಣಕೈಗೆ ತರಚು. ಫುಟ್‌ರೆಸ್ಟ್ ಮೇಲೆ ನಿಂತು, ಹ್ಯಾಂಡಲನ್ನು ಸಡಿಲವಾಗಿ ಹಿಡಿದು, ಬೈಕ್ ಕಾಲುಗಳ ನಡುವೆ ಅಲುಗಾಡಲು ಬಿಡುವುದು ಅಲ್ಲಿಯ ಮೊದಲ ಪಾಠ. ಹಿಡಿದಷ್ಟೂ ಬೀಳುತ್ತೀರಿ, ಬಿಟ್ಟಷ್ಟೂ ನಿಲ್ಲುತ್ತೀರಿ. ಕೋಲಾರದ ಬಳಿ ಇರುವ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದವರು ಸಿ.ಎಸ್. ಸಂತೋಷ್, 2015ರಲ್ಲಿ ಮರುಭೂಮಿಗಳನ್ನು ದಾಟುವ ಕಠಿಣ ರೇಸ್ ಆದ ಡಕಾರ್ ರ‍್ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ. ಅಷ್ಟು ದೊಡ್ಡ ಹೆಸರಿನ ಜಾಗ ಎಂದು ಹೊಸಬರು ಹಿಂಜರಿಯಬೇಕಿಲ್ಲ, ಆರಂಭದ ಹಂತವನ್ನೇ ಆರಿಸಿಕೊಳ್ಳಿ. ಅಲ್ಲಿಗೇ ಆಗಲಿ, ಬೇರೆಡೆಗೇ ಆಗಲಿ, ಸುಮಾರು 180-190 ಕಿಲೋ ತೂಗುವ ನಿಮ್ಮ 350ಯನ್ನು ಮೊದಲ ದಿನವೇ ಮಣ್ಣಿಗೆ ಇಳಿಸಬೇಡಿ. ಹಗುರವಾದ ಬೈಕ್ ಬಾಡಿಗೆಗೆ ಸಿಗುತ್ತದೆಯೇ, ಬಿದ್ದು ಮುರಿದರೆ ಯಾರು ಕೊಡಬೇಕು ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಕೇಳಿ.

ಟ್ರ್ಯಾಕ್ ಬಗ್ಗೆ ನನಗೆ ತಕರಾರಿಲ್ಲ. ಕೀತ್ ಕೋಡ್ 1980ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಶಿಬಿರ ನಡೆಸುತ್ತ ಬಂದಿದೆ. ಅದರ ಮೊದಲ ಹಂತದಲ್ಲಿ ಆಕ್ಸಿಲರೇಟರ್ ನಿಯಂತ್ರಣ, ಎಲ್ಲಿ ತಿರುಗಬೇಕೆಂಬ ಗುರುತು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು ಎಂಬಂಥ ಐದು ಪಾಠಗಳು, ಒಂದೊಂದು ಅವಧಿಗೆ ಒಂದೊಂದೇ. ಪಾಠದ ಕ್ರಮ ಅಚ್ಚುಕಟ್ಟು. ಮೊದಲ ಪಾಠದಲ್ಲಿ ಬ್ರೇಕ್ ಮುಟ್ಟದೆ, ಒಂದೇ ಗೇರಿನಲ್ಲಿ ಸುತ್ತು ಹಾಕಿಸುತ್ತಾರೆ. ತಿರುವು ಓದುವುದನ್ನು ಕಲಿಸಲು ಅದು ಸೊಗಸಾದ ಉಪಾಯ. ಆದರೆ ಹೆದ್ದಾರಿಯಲ್ಲಿ ನಿಮ್ಮನ್ನು ಉಳಿಸುವ ಕೌಶಲ ಬೇರೆ. ಟ್ರ್ಯಾಕ್‌ನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡಬರುವುದಿಲ್ಲ. ಕೋಲಾರದಿಂದಲೇ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಶುಲ್ಕದ ಮೇಲೆ ಚರ್ಮದ ಸೂಟಿನ ಬಾಡಿಗೆ, ಊಟ, ವಸತಿ, ಸವೆದ ಟೈರು. ಶುಲ್ಕವನ್ನಷ್ಟೇ ನೋಡಿ ಹೊರಟವರು ಬಂದ ಮೇಲೆ ಲೆಕ್ಕ ಹಾಕಿ ತಲೆಯ ಮೇಲೆ ಕೈ ಇಡುತ್ತಾರೆ. ಆದರೂ 1,478 ಮೀಟರ್ ಎತ್ತರದ ನಂದಿಬೆಟ್ಟದ ಇಳಿಜಾರಿನಲ್ಲಿ ತಡೆಗೋಡೆಯನ್ನೇ ದಿಟ್ಟಿಸುತ್ತ ಅದರ ಕಡೆಗೇ ಹೋಗುವ ಅಭ್ಯಾಸ ಇರುವವರಿಗೆ ಟ್ರ್ಯಾಕ್‌ನ ಕಣ್ಣಿನ ಪಾಠ ಔಷಧಿ. ವೇಗ ಮಾಡಲೇಬೇಕೆಂದಿದ್ದರೆ ಅದಕ್ಕೆ ಯೋಗ್ಯ ಜಾಗವೂ ಅದೊಂದೇ.

ಶಾಲೆಯನ್ನು ಅಳೆಯುವುದು ಹೇಗೆ? ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ ಎಂದು ಕೇಳಿ. ಐದು ದಾಟಿದರೆ ದಿನದ ಬಹುಪಾಲು ಸಾಲಿನಲ್ಲಿ ನಿಂತೇ ಕಳೆಯುತ್ತೀರಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಕ್ ಮೇಲೆ ಕೂರುವ ಹೊತ್ತು ಎಷ್ಟು, ಕುರ್ಚಿಯ ಮೇಲೆ ಕೂರುವ ಹೊತ್ತು ಎಷ್ಟು? ಪ್ರಥಮ ಚಿಕಿತ್ಸೆ ಗೊತ್ತಿರುವವರು ಮೈದಾನದಲ್ಲೇ ಇರುತ್ತಾರೆಯೇ, ಆಂಬ್ಯುಲೆನ್ಸ್ ಇದೆಯೇ? ಮೊದಲು ನನ್ನ ಸವಾರಿಯನ್ನು ನೋಡಿ ಆಮೇಲೆ ಗುಂಪಿಗೆ ಹಾಕುತ್ತಾರೆಯೇ? ಹೆಲ್ಮೆಟ್, ಕೈಗವಸು, ಪಾದದ ಗಿಣ್ಣು ಮುಚ್ಚುವ ಬೂಟು ಇಲ್ಲದವನನ್ನು ಒಳಗೆ ಬಿಡುತ್ತಾರೆಯೇ? ಕೊನೆಯದಕ್ಕೆ “ಪರವಾಗಿಲ್ಲ ಸರ್, ಬನ್ನಿ” ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ. ತರಬೇತುದಾರನ ಮನೆಯಲ್ಲಿ ಎಷ್ಟು ಟ್ರೋಫಿ ಇವೆ ಎಂಬುದನ್ನು ನಾನು ಕೇಳುವುದಿಲ್ಲ. ಚೆನ್ನಾಗಿ ಓಡಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ಬೈಕ್ ಎತ್ತಿ ಒಂದೇ ಚಕ್ರದ ಮೇಲೆ ಓಡಿಸುವ ವಿಡಿಯೊವನ್ನೇ ಜಾಹೀರಾತು ಮಾಡಿಕೊಂಡವರ ಬಳಿ ಹೋಗುವುದು ನಿಮ್ಮ ಇಷ್ಟ.

ತರಬೇತಿಯಿಂದ ಕೆಡುಕೂ ಆಗಬಹುದು. ನಾರ್ವೆಯಲ್ಲಿ ಹೊಸ ಕಾರು ಚಾಲಕರಿಗೆ ಜಾರುವ ರಸ್ತೆಯ ತರಬೇತಿಯನ್ನು ಕಡ್ಡಾಯ ಮಾಡಿದ ಮೇಲೆ ಯುವಕರಲ್ಲಿ ಅಂಥ ರಸ್ತೆಯ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಾದದ್ದು ಅಧ್ಯಯನದಲ್ಲಿ ಕಂಡುಬಂತು. ಕೈಗೆ ಬಂದ ಕೌಶಲಕ್ಕಿಂತ ತಲೆಗೆ ಏರಿದ ಧೈರ್ಯ ದೊಡ್ಡದಾಗಿತ್ತು. ಕೋರ್ಸ್ ಮುಗಿಸಿದ ಮುಂದಿನ ಭಾನುವಾರ ಬೆಟ್ಟಕ್ಕೆ ಹೋಗುವುದನ್ನು ತಪ್ಪಿಸಿ ಎಂದು ಗೆಳೆಯರಿಗೆ ಹೇಳುವುದು ಇದಕ್ಕೇ.

ವಿಮೆಯ ಮಾತು ಒಂದಿದೆ. ಸಾಮಾನ್ಯ ದ್ವಿಚಕ್ರ ವಿಮೆಯಲ್ಲಿ ರೇಸ್, ವೇಗ ಪರೀಕ್ಷೆ ಇಂಥ ಬಳಕೆಗೆ ಪರಿಹಾರ ಇರುವುದಿಲ್ಲ. ಟ್ರ್ಯಾಕ್‌ನಲ್ಲಿ ಬೈಕ್ ಮುರಿದರೆ ಖರ್ಚು ನಿಮ್ಮದೇ ಎಂದುಕೊಂಡು ಹೋಗಿ. ಮೈದಾನದ ತರಬೇತಿಗೂ ಕಂಪನಿಯಿಂದ ಲಿಖಿತ ಉತ್ತರ ಪಡೆದುಕೊಳ್ಳಿ. ನಿಮ್ಮ ಆರೋಗ್ಯ ವಿಮೆಯ ಷರತ್ತುಗಳಲ್ಲಿ ಸಾಹಸ ಕ್ರೀಡೆ ಎಂಬ ಸಾಲು ಇದೆಯೇ ಎಂದೂ ನೋಡಿ.

ಒಂದು ದಿನದಲ್ಲಿ ಕಲಿತದ್ದು ಅಭ್ಯಾಸ ತಪ್ಪಿದರೆ ಮರೆಯುತ್ತದೆ. ಅದಕ್ಕೆ ಮತ್ತೆ ಶುಲ್ಕ ಕಟ್ಟಬೇಕಿಲ್ಲ. ತುಮಕೂರಿರಲಿ, ಕೋಲಾರವಿರಲಿ, ಊರಂಚಿನಲ್ಲಿ ನಿವೇಶನ ಮಾರಿ ಮನೆ ಏಳದ ಬಡಾವಣೆಗಳಿಗೆ ಬರವಿಲ್ಲ; ಒಳ್ಳೆಯ ಟಾರು ರಸ್ತೆ, ಬೆಳಗಿನ ಹೊತ್ತು ನರಪಿಳ್ಳೆಯೂ ಇರುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ, 30ರಿಂದ ಶುರುಮಾಡಿ ಬ್ರೇಕ್ ಹಿಡಿಯುವುದನ್ನು ಮಾಡಿ. ಜೊತೆಗೊಬ್ಬರು ನಿಂತು ದಾರಿ ನೋಡಿಕೊಳ್ಳಲಿ. ಹೆಲ್ಮೆಟ್, ಕೈಗವಸು ಹಾಕಿಕೊಂಡೇ ಮಾಡಿ. ಅಂಥ ರಸ್ತೆಗಳ ಮೇಲೆ ಮರಳು ಕೂತಿರುತ್ತದೆ, ಹೋಗುವಾಗ ಒಂದು ಪೊರಕೆಯನ್ನೂ ಒಯ್ಯಿರಿ.