ಕಂಪ್ಯೂಟರ್‌ಗಳ ದಿನಚರಿ ನೋಡಿ ಬ್ಯಾಕಪ್ ಗುಂಪು ಮಾಡಿ

ರಾತ್ರಿ 11 ಗಂಟೆಗೆ ಎಲ್ಲ ಕಂಪ್ಯೂಟರ್‌ಗಳ ಬ್ಯಾಕಪ್, ಅಂದರೆ ಡೇಟಾವನ್ನು ನಕಲು ಮಾಡಿಡುವ ಕೆಲಸ, ಶುರುವಾಗಲಿ ಎಂದು ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರು ಆ ನಕಲುಗಳನ್ನು ಇಡುವ ಸರ್ವರ್‌ನಲ್ಲಿ ಸೆಟ್ ಮಾಡಿಟ್ಟಿರುತ್ತಾರೆ. ಸಂಜೆ ಕಚೇರಿಯ ಬಾಗಿಲು ಹಾಕುವವರು ಆರೂವರೆಗೇ ಮೇನ್ ಸ್ವಿಚ್ ಆಫ್ ಮಾಡಿ ಹೊರಡುತ್ತಾರೆ. ಇಬ್ಬರದೂ ತಪ್ಪಲ್ಲ. ಒಬ್ಬರಿಗೆ ಡೇಟಾ ಹೋದರೆ ಎಂಬ ಚಿಂತೆ, ಇನ್ನೊಬ್ಬರಿಗೆ ಶಾರ್ಟ್ ಸರ್ಕ್ಯೂಟ್ ಆದರೆ ಎಂಬ ಚಿಂತೆ. ಆದರೆ ಇಬ್ಬರ ನಡುವೆ ಬ್ಯಾಕಪ್ ಮಾತ್ರ ಒಂದು ದಿನವೂ ಆಗುವುದಿಲ್ಲ.

ಒಂದು ನೆಟ್‌ವರ್ಕ್‌ನಲ್ಲಿ 5 ಕಂಪ್ಯೂಟರ್ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಸಮಯ ಕೊಡಬಹುದು. 40 ಇದ್ದರೆ ಆ ಕೆಲಸ ಕೈಗೆ ನಿಲುಕುವುದಿಲ್ಲ. ಅದಕ್ಕೇ ಬ್ಯಾಕಪ್ ತಂತ್ರಾಂಶಗಳಲ್ಲಿ ಗುಂಪು ಮಾಡುವ ಸೌಲಭ್ಯ ಇರುತ್ತದೆ. ಯಾವ ಫೋಲ್ಡರ್ ನಕಲಾಗಬೇಕು, ಯಾವಾಗ ಆಗಬೇಕು, ಹಳೆಯ ನಕಲನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದನ್ನು ಗುಂಪಿಗೆ ಒಮ್ಮೆ ಹೇಳಿದರೆ ಸಾಕು, ಅದರಲ್ಲಿರುವ ಎಲ್ಲ ಯಂತ್ರಗಳಿಗೂ ಅದು ಅನ್ವಯಿಸುತ್ತದೆ.

ಈ ಗುಂಪನ್ನು ಹೆಚ್ಚಿನವರು ವಿಭಾಗದ ಪ್ರಕಾರ ಮಾಡುತ್ತಾರೆ. ಅಕೌಂಟ್ಸ್ ಒಂದು, ಆಡಳಿತ ಒಂದು, ಲ್ಯಾಬ್ ಒಂದು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಬ್ಯಾಕಪ್ ಸರ್ವರ್‌ಗೆ ವಿಭಾಗದ ಹೆಸರಿನಿಂದ ಏನೂ ಪ್ರಯೋಜನ ಇಲ್ಲ. ಈ ಯಂತ್ರ ಯಾವ ಹೊತ್ತಿನಲ್ಲಿ ಆನ್ ಇರುತ್ತದೆ? ದಿನಕ್ಕೆ ಎಷ್ಟು ಡೇಟಾ ಬದಲಾಗುತ್ತದೆ? ಎಷ್ಟು ಹೊತ್ತಿನ ಕೆಲಸ ಕಳೆದುಹೋದರೂ ತಡೆದುಕೊಳ್ಳಬಹುದು? ಅದಕ್ಕೆ ಬೇಕಾದದ್ದು ಈ ಮೂರು ಪ್ರಶ್ನೆಗಳ ಉತ್ತರ. ಉತ್ತರಗಳು ಹೆಚ್ಚೂಕಮ್ಮಿ ಒಂದೇ ಆಗಿರುವ ಕಂಪ್ಯೂಟರ್‌ಗಳನ್ನು ಒಂದು ಗುಂಪಿಗೆ ಹಾಕಬೇಕು. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕೂತ ಎರಡು ಕಂಪ್ಯೂಟರ್‌ಗಳು ಬೇರೆ ಬೇರೆ ಗುಂಪಿಗೆ ಸೇರಿದರೆ ಏನೂ ತೊಂದರೆ ಇಲ್ಲ.

ಯಾಕೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕೋಣ. 40 ಕಂಪ್ಯೂಟರ್‌ಗಳು, ಒಂದೊಂದರಲ್ಲೂ 100 ಜಿಬಿ ಡೇಟಾ ಎಂದಿಟ್ಟುಕೊಳ್ಳಿ. ಒಟ್ಟು 4,000 ಜಿಬಿ. ನೆಟ್‌ವರ್ಕ್ ಗಿಗಾಬಿಟ್‌ನದ್ದಾದರೆ ಸೆಕೆಂಡಿಗೆ 125 ಎಂಬಿ ಸಾಗಬೇಕು. ಅದು ಲೆಕ್ಕದ ಮಾತು, ಎಲ್ಲ ಸರಿ ಇದ್ದಾಗ 100 ಎಂಬಿ ಸಿಗುತ್ತದೆ ಎನ್ನೋಣ. ಆಗ 4,000 ಜಿಬಿ ಸಾಗಿಸಲು 40,000 ಸೆಕೆಂಡು, ಅಂದರೆ 11 ಗಂಟೆಗೂ ಜಾಸ್ತಿ ಬೇಕು. ರಾತ್ರಿ 11ಕ್ಕೆ ಶುರುವಾದದ್ದು ಮರುದಿನ ಬೆಳಿಗ್ಗೆ 10 ದಾಟುತ್ತದೆ. ಅಷ್ಟರಲ್ಲಿ ಜನ ಬಂದು ಕೂತು, "ಇವತ್ತು ನೆಟ್ ಯಾಕೋ ತುಂಬಾ ಸ್ಲೋ" ಎನ್ನಲು ಶುರು ಮಾಡಿರುತ್ತಾರೆ. ನಡುವೆ ಎಲ್ಲೋ 100 ಮೆಗಾಬಿಟ್‌ನ ಹಳೆಯ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಇದ್ದು, ಎಲ್ಲವೂ ಅದರ ಮೂಲಕವೇ ಹೋಗಬೇಕಾದರೆ ಈ ಸಮಯ ಹತ್ತು ಪಟ್ಟಾಗುತ್ತದೆ. ಅಂದರೆ ನಾಲ್ಕೂವರೆ ದಿನಕ್ಕೂ ಜಾಸ್ತಿ.

ಇಷ್ಟಕ್ಕೇ ಮುಗಿಯುವುದಿಲ್ಲ. 40 ಯಂತ್ರಗಳೂ ಒಂದೇ ನಿಮಿಷಕ್ಕೆ ಹೊರಟರೆ, ಜಾತ್ರೆ ಮುಗಿದ ಮೇಲೆ ಇರುವ ಒಂದೇ ಬಸ್ಸಿಗೆ ಎಲ್ಲರೂ ಮುಗಿಬಿದ್ದ ಹಾಗಾಗುತ್ತದೆ. ಸರ್ವರ್‌ನ ಹಾರ್ಡ್ ಡಿಸ್ಕ್‌ನಲ್ಲಿ ಓದಿ ಬರೆಯುವ ಮುಳ್ಳು ಒಂದು ಕಡತದಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತದೆ. ಬರೆಯುವುದಕ್ಕಿಂತ ಓಡಾಟಕ್ಕೇ ಹೊತ್ತು ಹೋಗುತ್ತದೆ. ಒಂದು ಲಕ್ಷ ಸಣ್ಣ ಕಡತಗಳನ್ನು ಸಾಗಿಸುವುದು ಅಷ್ಟೇ ಗಾತ್ರದ ಒಂದು ದೊಡ್ಡ ಕಡತಕ್ಕಿಂತ ನಿಧಾನವಾಗುವುದಕ್ಕೂ ಇಂಥ ಓಡಾಟವೇ ಒಂದು ಕಾರಣ.

ಹಾಗಾಗಿ ಪೂರ್ತಿ ನಕಲನ್ನು ವಾರದ ಏಳು ರಾತ್ರಿಗಳಿಗೆ ಹಂಚಬೇಕು. ರಾತ್ರಿಗೆ ಸುಮಾರು 6 ಯಂತ್ರಗಳದ್ದು ಪೂರ್ತಿ, ಅಂದರೆ 600 ಜಿಬಿ. ಉಳಿದ 34 ಯಂತ್ರಗಳಲ್ಲಿ ಹಿಂದಿನ ಬ್ಯಾಕಪ್ ಆದಮೇಲೆ ಬದಲಾದ ಕಡತಗಳಷ್ಟೇ. ಇದಕ್ಕೆ ಇನ್‌ಕ್ರಿಮೆಂಟಲ್ ಬ್ಯಾಕಪ್ ಎನ್ನುತ್ತಾರೆ. ಒಂದೊಂದರಲ್ಲಿ 2 ಜಿಬಿ ಬದಲಾಗಿದ್ದರೂ ಒಟ್ಟು 68 ಜಿಬಿ ಅಷ್ಟೇ. ಪೂರ್ತಿ ನಕಲುಗಳಿಗೆ 1 ಗಂಟೆ 40 ನಿಮಿಷ, ಬದಲಾವಣೆಗಳಿಗೆ 11 ನಿಮಿಷ. ಸಣ್ಣ ಕಡತಗಳ ದೆಸೆಯಿಂದ ಇದು ಮೂರು ಪಟ್ಟಾದರೂ ಬೆಳಗಾಗುವ ಮೊದಲೇ ಮುಗಿಯುತ್ತದೆ. ಅದೇ ಯಂತ್ರಗಳು, ಅದೇ ಕೇಬಲ್, ಅದೇ ಡಿಸ್ಕ್. ಹೊಸದಾಗಿ ಏನನ್ನೂ ಕೊಳ್ಳದೆ 11 ಗಂಟೆಯ ಕೆಲಸ ಎರಡು ಗಂಟೆಯ ಆಸುಪಾಸಿಗೆ ಬಂತು ಅಲ್ವಾ?

ಈ ಹಂಚಿಕೆಯನ್ನು ಮನುಷ್ಯ ಕೂತು ಮಾಡಬೇಕಾಗಿಲ್ಲ ಎಂದು 1990ರ ದಶಕದ ಆರಂಭದಲ್ಲೇ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟರು. ಅಲ್ಲಿ ಹುಟ್ಟಿದ ಅಮಾಂಡಾ ಎಂಬ ತಂತ್ರಾಂಶಕ್ಕೆ "ಸೋಮವಾರ ಇದು, ಮಂಗಳವಾರ ಅದು" ಎಂದು ಹೇಳುವ ಕೆಲಸವೇ ಇಲ್ಲ. ಇಷ್ಟು ದಿನದೊಳಗೆ ಪ್ರತಿಯೊಂದರದ್ದೂ ಒಮ್ಮೆ ಪೂರ್ತಿ ನಕಲಾಗಿರಬೇಕು ಎಂದಷ್ಟೇ ಹೇಳಿದರೆ ಸಾಕು. ಪ್ರತಿ ರಾತ್ರಿ ಅದು ಮೊದಲು ಎಲ್ಲ ಯಂತ್ರಗಳನ್ನೂ ಕೇಳಿ, ಎಷ್ಟು ಡೇಟಾ ಬರಬಹುದು ಎಂದು ಅಂದಾಜು ಹಾಕುತ್ತದೆ. ಇವತ್ತು ಯಾವುದರದ್ದು ಪೂರ್ತಿ ತೆಗೆದರೆ ನಕಲು ಇಡುವ ಟೇಪಿನಲ್ಲಿ ಹಿಡಿಸುತ್ತದೆ ಎಂದು ತಾನೇ ನಿರ್ಧರಿಸುತ್ತದೆ. ಮುಂದಿನ ಯಾವುದಾದರೂ ರಾತ್ರಿ ಹೊರೆ ಹೆಚ್ಚಾಗುವಂತಿದ್ದರೆ ಆ ದಿನದ ಕೆಲಸದಲ್ಲಿ ಒಂದಿಷ್ಟನ್ನು ಇವತ್ತೇ ಮುಗಿಸಿಬಿಡುತ್ತದೆ. ಈ ಯೋಚನೆ ನನಗೆ ಇವತ್ತಿಗೂ ತುಂಬಾ ಹಿಡಿಸುತ್ತದೆ. ವಾರದ ಯಾವ ದಿನ ಎಂಬುದು ನಮಗೆ ನಿಜವಾಗಿಯೂ ಮುಖ್ಯವಲ್ಲ. ಏಳು ದಿನಕ್ಕಿಂತ ಹಳೆಯದಾಗಬಾರದು ಎಂಬುದೇ ಮುಖ್ಯ.

ಇನ್ನು ಲ್ಯಾಪ್‌ಟಾಪ್‌ಗಳು. ಇವು ಗಂಟೆಯ ಲೆಕ್ಕಕ್ಕೆ ಸಿಗುವ ಜಾತಿಯಲ್ಲ. ಬೆಳಿಗ್ಗೆ ಬರುತ್ತವೆ, ಮಧ್ಯಾಹ್ನ ಎಲ್ಲಿಗೋ ಹೋಗುತ್ತವೆ, ರಾತ್ರಿ ಮನೆಯಲ್ಲಿರುತ್ತವೆ. ಇವುಗಳ ಗುಂಪಿಗೆ ಸಮಯ ಕೊಡಬಾರದು, ಸಿಕ್ಕಾಗ ಹಿಡಿ ಎಂಬ ನಿಯಮ ಕೊಡಬೇಕು. ಉಚಿತವಾಗಿ ಸಿಗುವ ಬ್ಯಾಕಪ್‌ಪಿಸಿ ಎಂಬ ತಂತ್ರಾಂಶ ಈ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಅದು ಗಂಟೆಗೊಮ್ಮೆ ಎಚ್ಚರವಾಗಿ, ಸರದಿ ಬಂದ ಯಂತ್ರಗಳನ್ನು ಇದ್ದೀಯಾ ಎಂದು ನೆಟ್‌ವರ್ಕ್‌ನಲ್ಲಿ ವಿಚಾರಿಸುತ್ತದೆ. ಸತತ 7 ಸಲ ಉತ್ತರ ಕೊಟ್ಟ ಯಂತ್ರ ಯಾವಾಗಲೂ ಆನ್ ಇರುವಂಥದ್ದು ಎಂದು ತೀರ್ಮಾನಿಸಿ, ಅದನ್ನು ಕೆಲಸದ ಹೊತ್ತಿನಲ್ಲಿ ಮುಟ್ಟುವುದಿಲ್ಲ. ನಾವು ಬದಲಿಸದಿದ್ದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ ಸಂಜೆ ಏಳೂವರೆ ಅದಕ್ಕೆ ಕೆಲಸದ ಹೊತ್ತು. ಆಗಾಗ ಕಣ್ಮರೆಯಾಗುವ ಯಂತ್ರವಾದರೆ ಹಗಲಾಗಲಿ ರಾತ್ರಿಯಾಗಲಿ, ಕಂಡ ಕೂಡಲೇ ನಕಲು ಶುರು. ಅಂದರೆ ಯಾವುದು ಯಾವ ಗುಂಪು ಎಂಬುದನ್ನು ಯಂತ್ರದ ನಡವಳಿಕೆಯನ್ನು ನೋಡಿ ಅದೇ ಕಂಡುಕೊಳ್ಳುತ್ತದೆ.

ಅದರ ಸೆಟ್ಟಿಂಗ್‌ಗಳಲ್ಲಿ ಒಂದು ವಿಚಿತ್ರ ಅಂಕಿ ಇದೆ. ಪೂರ್ತಿ ಬ್ಯಾಕಪ್‌ನ ಅವಧಿ 7 ದಿನ ಎಂದು ಬರೆದಿಲ್ಲ, 6.97 ದಿನ ಎಂದಿದೆ. ಯಾಕಿರಬಹುದು? ಕಳೆದ ಭಾನುವಾರದ ಬ್ಯಾಕಪ್ ರಾತ್ರಿ 1 ಗಂಟೆ 5 ನಿಮಿಷಕ್ಕೆ ಶುರುವಾಗಿತ್ತು ಅನ್ನಿ. ಈ ಭಾನುವಾರ 1ಕ್ಕೆ ಸರ್ವರ್ ಎಚ್ಚರವಾಗಿ ನೋಡಿದರೆ ಏಳು ದಿನ ತುಂಬಲು ಇನ್ನೂ 5 ನಿಮಿಷ ಬಾಕಿ. ಹೊತ್ತಾಗಿಲ್ಲ ಎಂದು ಸುಮ್ನೆ ಮಲಗುತ್ತದೆ. ಮತ್ತೆ ಏಳುವುದು 2ಕ್ಕೆ. ಮುಂದಿನ ವಾರ ಹೀಗೇ 3 ಗಂಟೆ, ಅದರ ಮುಂದಿನ ವಾರ 4 ಗಂಟೆ. ಕೆಲವೇ ವಾರದಲ್ಲಿ ರಾತ್ರಿಯ ಕೆಲಸ ಬೆಳಗಿನ ಕೆಲಸವಾಗಿರುತ್ತದೆ. 0.03 ದಿನ ಎಂದರೆ 43 ನಿಮಿಷ. ಅಷ್ಟು ಸಡಿಲ ಬಿಟ್ಟರೆ ಈ ಜಾರುವಿಕೆ ನಿಲ್ಲುತ್ತದೆ. ಬೇರೆ ಯಾವ ತಂತ್ರಾಂಶದಲ್ಲಾದರೂ ಇಷ್ಟು ದಿನಕ್ಕೊಮ್ಮೆ ಎಂದು ಅವಧಿ ಕೊಡುವಾಗ ಇದು ನೆನಪಿರಲಿ.

ಮೇನ್ ಸ್ವಿಚ್ ಆಫ್ ಆಗುವ ಕಂಪ್ಯೂಟರ್‌ಗಳ ವಿಷಯಕ್ಕೆ ಬರೋಣ. ದೂರದಿಂದಲೇ ಕಂಪ್ಯೂಟರ್ ಆನ್ ಮಾಡುವ ವೇಕ್ ಆನ್ ಲ್ಯಾನ್ ಎಂಬ ವ್ಯವಸ್ಥೆ ಇದೆ. ಸರ್ವರ್ ಒಂದು ಪುಟ್ಟ ಸಂದೇಶ ಕಳಿಸುತ್ತದೆ. ಅದರಲ್ಲಿ ಆ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡಿನ ವಿಳಾಸ 16 ಸಲ ಬರೆದಿರುತ್ತದೆ. ಶಟ್‌ಡೌನ್ ಆಗಿದ್ದರೂ ಕಾರ್ಡು ಒಂದಿಷ್ಟು ಕರೆಂಟ್ ಹೀರಿಕೊಂಡು ಎಚ್ಚರವಾಗಿರುತ್ತದೆ, ತನ್ನ ವಿಳಾಸ ಕಂಡ ಕೂಡಲೇ ಕಂಪ್ಯೂಟರ್ ಎಬ್ಬಿಸುತ್ತದೆ. ಆದರೆ ಗೋಡೆಯ ಸ್ವಿಚ್ಚೇ ಆಫ್ ಆಗಿದ್ದರೆ ಕಾರ್ಡಿಗೆ ಕರೆಂಟ್ ಎಲ್ಲಿಂದ ಬರಬೇಕು? ಇಂಥ ಕಂಪ್ಯೂಟರ್‌ಗಳಿಗೆ ಮಧ್ಯಾಹ್ನ ಊಟದ ಹೊತ್ತೇ ಸರಿ. ಪೂರ್ತಿ ನಕಲಿಗೆ ಆ ಒಂದು ಗಂಟೆ ಸಾಲದಿದ್ದರೆ ಒಂದೊಂದು ದಿನ ಒಂದೆರಡು ಯಂತ್ರಗಳದ್ದು ಮಾಡಬೇಕು. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಸೌಲಭ್ಯ) ಬಳಸುವವರಾದರೆ, ನಿಗದಿತ ಸಮಯ ತಪ್ಪಿದ್ದರೆ ಆದಷ್ಟು ಬೇಗ ಶುರು ಮಾಡು ಎಂಬ ಆಯ್ಕೆಗೆ ಟಿಕ್ ಹಾಕಲೇಬೇಕು. ಆದರೆ ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಶುರುವಾಗಿಬಿಟ್ಟರೆ ಮತ್ತೆ ಅದೇ ನೂಕುನುಗ್ಗಲು. ಏಕಕಾಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ ಎಂಬಂತಹ ಮಿತಿಯನ್ನು ಸರ್ವರ್ ಕಡೆಯಿಂದ ಹಾಕಿಡುವುದು ಒಳ್ಳೆಯದು.

ಲೆಕ್ಕಪತ್ರದ ಕಂಪ್ಯೂಟರ್‌ಗೆ ಪ್ರತ್ಯೇಕ ಗುಂಪು ಬೇಕು, ಅದರಲ್ಲಿ ಒಂದೇ ಯಂತ್ರ ಇದ್ದರೂ ಸರಿ. ಭಾರತದಲ್ಲಿ ಇದು ಬರೀ ಜಾಣತನದ ಮಾತಲ್ಲ. ಕಂಪನಿಗಳು ಕಂಪ್ಯೂಟರ್‌ನಲ್ಲಿ ಇಡುವ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಇರಬೇಕು ಎಂಬ ನಿಯಮ ಮೊದಲಿನಿಂದ ಇತ್ತು. ಆಗಾಗ ಮಾಡಿದರೆ ಸಾಕಿತ್ತು. 2022ರ ಆಗಸ್ಟ್‌ನಲ್ಲಿ ಅದು ಪ್ರತಿದಿನ ಎಂದು ಬದಲಾಯಿತು. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಬಳಸುವ ಕಡೆ ಇನ್ನೊಂದು ಸೂಕ್ಷ್ಮ ಇದೆ. ಅದರ ಡೇಟಾ ಇರುವುದು 10000ದಂತಹ ಬರೀ ಅಂಕಿಯ ಹೆಸರಿನ ಫೋಲ್ಡರ್‌ನಲ್ಲಿ. ಬ್ಯಾಕಪ್ ಸೆಟ್ ಮಾಡುವವರು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡನ್ನು ಆರಿಸಿ ಮುಗಿಸಿದರೆ, ಇಡೀ ಕಚೇರಿಯಲ್ಲಿ ಬಹಳ ಬೆಲೆಬಾಳುವ ಆ ಫೋಲ್ಡರ್ ಹೊರಗೇ ಉಳಿದಿರಬಹುದು. ಯಾರಾದರೂ ಎಂಟ್ರಿ ಹಾಕುತ್ತಿರುವಾಗ ಸುಮ್ಮನೆ ನಕಲಿಸಿದರೆ ಅರ್ಧ ಹಳೆಯದು ಅರ್ಧ ಹೊಸದು ಬರುವ ಅಪಾಯವೂ ಇದೆ. ವಿಂಡೋಸ್‌ನಲ್ಲಿರುವ ಶ್ಯಾಡೋ ಕಾಪಿ ಎಂಬ ಸೌಲಭ್ಯ ಆ ಕ್ಷಣದ ಡಿಸ್ಕ್ ಹೇಗಿತ್ತೋ ಹಾಗೇ ಹಿಡಿದಿಟ್ಟು ಕೊಡುತ್ತದೆ. ಅದನ್ನು ಬಳಸಬಹುದು. ಆದರೂ ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಬ್ಯಾಕಪ್ ಆಗುವಂತೆ ಮಾಡುವುದೇ ನನ್ನ ಮಟ್ಟಿಗೆ ನಂಬಿಕೆಯ ದಾರಿ.

ಗುಂಪುಗಳೆಲ್ಲ ಸಿದ್ಧವಾದವು, ಶೆಡ್ಯೂಲ್ ಓಡುತ್ತಿದೆ. ಎಲ್ಲವೂ ಆಗುತ್ತಿದೆ ಎಂದು ತಿಳಿಯುವುದು ಹೇಗೆ? 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಜಿಬಿಯ ಮುಖ್ಯ ಡೇಟಾಬೇಸ್‌ನಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ ಅದು ಇರಬೇಕಾದ ಜಾಗ ಖಾಲಿ. ತಂತ್ರಾಂಶದ ಆವೃತ್ತಿ ಹೊಂದದೆ ದಿನದಿನದ ಬ್ಯಾಕಪ್ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳು ಹೊರಟಿದ್ದವು, ಆದರೆ ಮೇಲ್ ಸರ್ವರ್ ಅವನ್ನು ತಿರಸ್ಕರಿಸಿತ್ತು. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ನಕಲು ಅವರನ್ನು ಕಾಪಾಡಿತು. ನಡುವಿನ ಆರು ಗಂಟೆಯ ಡೇಟಾ ಹೋಯಿತು. ಸಂಸ್ಥೆ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿತು, ಅದು ದೊಡ್ಡ ಉಪಕಾರ. ಹಾಗಾಗಿ ಕೆಟ್ಟಾಗ ಮಾತ್ರ ಮೇಲ್ ಕಳಿಸು ಎಂದು ಸೆಟ್ ಮಾಡಬೇಡಿ. ಪ್ರತಿ ಗುಂಪಿನಿಂದ ದಿನಾ ಒಂದು ವರದಿ ಬರಲಿ. ಅದರಲ್ಲಿ ಎಷ್ಟು ಯಂತ್ರ, ಎಷ್ಟು ಜಿಬಿ, ಕೊನೆಯ ನಕಲು ಎಷ್ಟು ದಿನ ಹಳೆಯದು ಎಂದು ಇರಲಿ. ಒಂದು ದಿನ ಬರದಿದ್ದರೆ ಅದನ್ನೇ ತೊಂದರೆ ಎಂದು ತಿಳಿಯಿರಿ.

ಅದೇ ವರ್ಷ ಜೂನ್ 27ರಂದು ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಗೆ ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಬಡಿಯಿತು. 4,000 ಸರ್ವರ್, 45,000 ಕಂಪ್ಯೂಟರ್‌ಗಳಿಗೆ ಮತ್ತೆ ಎಲ್ಲವನ್ನೂ ಹಾಕಬೇಕಾಯಿತು. ಯಾರಿಗೆ ಪ್ರವೇಶ ಇದೆ ಎಂಬ ಪಟ್ಟಿ ಇಡುವ ಅವರ ಸರ್ವರ್‌ಗಳು ಒಂದಕ್ಕೊಂದು ನಕಲು ಮಾಡಿಕೊಳ್ಳುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬ ಧೈರ್ಯ. ಆದರೆ ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಉಳಿದದ್ದು ಘಾನಾದ ಒಂದೇ ಒಂದು ಸರ್ವರ್. ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತು! ಕಂಪನಿಯ ಪುಣ್ಯ. ಆ ಪುಣ್ಯವನ್ನು ನಾವು ಶೆಡ್ಯೂಲ್‌ನಲ್ಲೇ ಬರೆಯಬಹುದು. ಎರಡು ಹೊರಗಿನ ಹಾರ್ಡ್ ಡಿಸ್ಕ್ ಇಟ್ಟುಕೊಂಡು, ಎಲ್ಲ ಗುಂಪುಗಳ ನಕಲನ್ನು ವಾರಕ್ಕೊಮ್ಮೆ ಒಂದಕ್ಕೆ ಇಳಿಸಿ, ಕೇಬಲ್ ಕಿತ್ತು ಬೇರೆ ಕಟ್ಟಡಕ್ಕೆ ಕಳಿಸಬೇಕು. ಮುಂದಿನ ವಾರ ಇನ್ನೊಂದರ ಸರದಿ. ಹಾಗೆಯೇ ಸರ್ವರ್ ತಾನೇ ಹೋಗಿ ಕಂಪ್ಯೂಟರ್‌ಗಳಿಂದ ಡೇಟಾ ಎಳೆದುಕೊಳ್ಳುವಂತಿರಬೇಕು. ಕಂಪ್ಯೂಟರ್‌ಗಳಿಗೆ ಸರ್ವರ್‌ನ ಡಿಸ್ಕ್‌ಗೆ ಬರೆಯುವ ಹಕ್ಕು ಕೊಟ್ಟರೆ, ಅವುಗಳಲ್ಲಿ ಹೊಕ್ಕ ವೈರಸ್‌ಗೂ ಆ ಹಕ್ಕು ಕೊಟ್ಟ ಹಾಗೆ.

ತಿಂಗಳಿಗೊಮ್ಮೆ ಪ್ರತಿ ಗುಂಪಿನಿಂದ ಒಂದು ಕಡತವನ್ನು ಬೇರೆಯೇ ಕಂಪ್ಯೂಟರ್‌ಗೆ ತಂದು ತೆರೆದು ನೋಡಬೇಕು. ಕರ್ನಾಟಕದ ಕಚೇರಿಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣವೂ ಇದೆ. ಯುನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳಲ್ಲಿ ಕನ್ನಡ ಅಕ್ಷರ ಕಾಣುವುದು ಆ ಫಾಂಟ್ ಇದ್ದರೆ ಮಾತ್ರ. ಕಡತ ಸುರಕ್ಷಿತವಾಗಿ ವಾಪಸ್ ಬಂದಿರುತ್ತದೆ, ಒಂದು ಬಿಟ್ ಕೂಡ ಹೆಚ್ಚುಕಮ್ಮಿ ಆಗಿರುವುದಿಲ್ಲ. ಆದರೂ ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಪುಟದ ತುಂಬ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಇರುವ ಫೋಲ್ಡರ್ ಬ್ಯಾಕಪ್ ಪಟ್ಟಿಯಲ್ಲಿ ಇಲ್ಲ ಎಂದು ಆಗ ಗೊತ್ತಾಗುತ್ತದೆ. ಅವಸರವಿಲ್ಲದ ದಿನ ಗೊತ್ತಾದರೆ ಐದು ನಿಮಿಷದ ಕೆಲಸ ಅದು.

ಕೊನೆಗೆ ಹೊಸದಾಗಿ ಬಂದ ಕಂಪ್ಯೂಟರ್‌ಗಳು. ಯಾವ ಗುಂಪಿಗೂ ಸೇರದ ಯಂತ್ರದ ಬಗ್ಗೆ ಯಾವ ವರದಿಯೂ ದೂರುವುದಿಲ್ಲ, ಯಾಕೆಂದರೆ ಅದು ಇದೆ ಎಂದೇ ಬ್ಯಾಕಪ್ ಸರ್ವರ್‌ಗೆ ಗೊತ್ತಿಲ್ಲ. ನಿಮ್ಮ ರೌಟರ್ ಯಾವ ಯಾವ ಯಂತ್ರಕ್ಕೆ ವಿಳಾಸ ಕೊಟ್ಟಿದೆ ಎಂಬ ಪಟ್ಟಿ ಅದರ ಪುಟದಲ್ಲೇ ಸಿಗುತ್ತದೆ. ಅದನ್ನೂ ಬ್ಯಾಕಪ್ ಪಟ್ಟಿಯನ್ನೂ ತಿಂಗಳಿಗೊಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಮೊದಲ ಪಟ್ಟಿಯಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಹೆಸರು ಕಂಡರೆ, ಅದು ಯಾರ ಟೇಬಲ್ ಮೇಲಿದೆ, ದಿನದಲ್ಲಿ ಯಾವಾಗ ಆನ್ ಇರುತ್ತದೆ ಎಂದು ಆವತ್ತೇ ಹೋಗಿ ಕೇಳಿ.